ಹೀಟರ್ ಅಕ್ಕನ ನಾಲಿಗೆ

ನನ್ನ ಕೆಲಸಕ್ಕೆ ಆಫೀಸಿನವರು ಇಟ್ಟಿರುವ ಹೆಸರು ಬಹಳ ಉದ್ದ. ಕುತ್ತಿಗೆಗೆ ನೇತುಹಾಕಿಕೊಳ್ಳುವ ಕಾರ್ಡಿನಲ್ಲಿ ಅದು ಎರಡು ಸಾಲು ಹಿಡಿಯುತ್ತದೆ. ನಮ್ಮ ಜನ ಅದನ್ನು ಎರಡೇ ಮಾತಿನಲ್ಲಿ ಮುಗಿಸಿದ್ದಾರೆ: ಹೀಟರ್ ಅಕ್ಕ. ಬಸ್ಸಿನಲ್ಲಿ, ಬಟ್ಟೆ ಒಗೆಯುವ ಮಿಷನ್ನುಗಳ ಅಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಎಲ್ಲಿ ಹೋದರೂ "ಹೀಟರ್ ಅಕ್ಕಾ" ಎಂದು ಕೂಗುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ನನ್ನ ನಿಜವಾದ ಹೆಸರು ಹಿಡಿದು ಕರೆದರೇ ಯಾರೋ ಬ್ಯಾಂಕಿನವರು ಇರಬೇಕು ಎಂದು ಗಾಬರಿಯಾಗುತ್ತದೆ.

ಕೆಲಸ ಇಷ್ಟೇ. ಈ ಊರಿನಲ್ಲಿ ಅರ್ಧ ವರ್ಷ ಚಳಿ. ಹಳೆಯ ಮನೆಗಳ ಕಿಟಕಿ ಸಂದು ಮುಚ್ಚಿ, ಸೂರಿನ ಕೆಳಗೆ ದಪ್ಪ ಹಾಸು ತುಂಬಿ, ಕರೆಂಟು ಕುಡಿಯುವ ಹಳೆಯ ಹೀಟರ್ ಕಿತ್ತು ಹೊಸದನ್ನು ಕೂರಿಸಿಕೊಡುವ ಯೋಜನೆಯೊಂದಿದೆ. ಪೂರ್ತಿ ಪುಕ್ಕಟೆ. ಹೊಸದಾಗಿ ಬಂದು ನೆಲೆಸಿದವರಿಗೆ ಅದರಲ್ಲಿ ಮೊದಲ ಪಾಲು. ಆದರೆ ಅವರು ಯಾರೂ ಬರುತ್ತಲೇ ಇರಲಿಲ್ಲ. ಅವರಿಗೆ ಭಾಷೆ ತಿಳಿಯದು, ಅದೇ ಕಾರಣ ಎಂದು ಆಫೀಸಿನಲ್ಲಿ ಯಾರೋ ಕೊನೆಗೂ ಕಂಡುಹಿಡಿದರು. ಹಾಗೆ ನನ್ನಂಥವರಿಗೆ ಕೆಲಸ ಸಿಕ್ಕಿತು. ಇನ್ಸ್‌ಪೆಕ್ಟರು ಇಲ್ಲಿನ ಭಾಷೆಯಲ್ಲಿ ಕೇಳಿದ್ದನ್ನು ನಾನು ನಮ್ಮ ಭಾಷೆಯಲ್ಲಿ ಕೇಳಬೇಕು. ಮನೆಯವರು ಹೇಳಿದ್ದನ್ನು ಅವನಿಗೆ ತಿರುಗಿಸಿ ಹೇಳಬೇಕು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ನನ್ನ ತಾಯಿ ನನ್ನನ್ನು ಬೈಯುವುದಕ್ಕೆ ಹೇಳುತ್ತಿದ್ದಳು. ಈಗ ನೋಡಿದರೆ ನನ್ನ ಮನೆ ಬಾಡಿಗೆ ಹುಟ್ಟುವುದು ಆ ಬಾಯಿಯಿಂದಲೇ.

ಈ ಕೆಲಸಕ್ಕೆ ಒಂದೇ ನಿಯಮ. ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು. "ಆ ಕೋಣೆಯಲ್ಲಿ ನೀನು ಇಲ್ಲ ಅಂತ ತಿಳ್ಕೋ. ಬರೀ ಧ್ವನಿ" ಎಂದಿದ್ದರು ನಮ್ಮ ಮೇಡಂ, ಕೆಲಸಕ್ಕೆ ಸೇರಿದ ದಿನ. ಮೇಡಂ ಒಳ್ಳೆಯವರು. ಒಳ್ಳೆಯವರ ಜೊತೆ ಜಗಳವಾಡುವುದು ಎಷ್ಟು ಕಷ್ಟ ಎಂಬುದು ಅವರ ಕೈಕೆಳಗೆ ಕೆಲಸ ಮಾಡಿದವರಿಗೇ ಗೊತ್ತು.

ನಮ್ಮ ಜನರ ತೊಂದರೆ ಭಾಷೆಯದ್ದಲ್ಲ ಎಂದು ನನಗೆ ಒಂದೇ ತಿಂಗಳಲ್ಲಿ ಗೊತ್ತಾಯಿತು. ಇನ್ಸ್‌ಪೆಕ್ಟರು ಬರುವುದು ಮನೆ ಎಷ್ಟು ತಣ್ಣಗಿದೆ ಎಂದು ನೋಡುವುದಕ್ಕೆ. ನಮ್ಮವರ ಕಣ್ಣಿಗೆ ಮಾತ್ರ ಅವನು ಮನೆಗೆ ಬಂದ ಅತಿಥಿ. ಅತಿಥಿ ಬರುತ್ತಾನೆಂದರೆ ಬೆಳಗ್ಗೆಯಿಂದಲೇ ಹೀಟರ್ ಪೂರ್ತಿ ತಿರುಗಿಸಿ, ಪಕ್ಕದ ಮನೆಯಿಂದ ಇನ್ನೊಂದನ್ನು ಬೇಡಿ ತಂದು ಮನೆಯನ್ನು ಒಲೆಯ ಹಾಗೆ ಕಾಯಿಸಿ ಇಡುತ್ತಾರೆ. ಅವನು ಥರ್ಮಾಮೀಟರ್ ಹಿಡಿಯುತ್ತಾನೆ. ನಿಮಗೆ ಚಳಿಯಾಗುತ್ತದೆಯೇ ಎಂದು ಕೇಳುತ್ತಾನೆ. ಇವರು ನಕ್ಕು, ಇಲ್ಲ ಸ್ವಾಮಿ, ನಿಮ್ಮ ದಯೆಯಿಂದ ಎಲ್ಲ ಚೆನ್ನಾಗಿದೆ, ಟೀ ಕುಡಿಯಿರಿ ಎನ್ನುತ್ತಾರೆ. ನಾನು ಅದನ್ನು ಹಾಗೆಯೇ ತಿರುಗಿಸುತ್ತೇನೆ. ಅವನು ಕೈಯಲ್ಲಿರುವ ಟ್ಯಾಬಿನಲ್ಲಿ 'ಅಗತ್ಯವಿಲ್ಲ' ಎಂದು ಒತ್ತಿ ಎದ್ದು ಹೋಗುತ್ತಾನೆ. ಅವನ ಕಾರು ತಿರುವು ದಾಟುವ ಮೊದಲೇ ಹೀಟರ್ ಆರಿರುತ್ತದೆ, ಮಕ್ಕಳು ಮತ್ತೆ ಕೋಟು ಹಾಕಿಕೊಂಡಿರುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ.

ಇದನ್ನು ಮೇಡಂಗೆ ಬಿಡಿಸಿ ಹೇಳಿದೆ. ಅವರು ಕಣ್ಣರಳಿಸಿ ಕೇಳಿದರು. ತುಂಬಾ ಸ್ವಾರಸ್ಯವಾಗಿದೆ, ವರದಿಯಲ್ಲಿ ಸೇರಿಸೋಣ ಎಂದರು. ಸೇರಿಸಿದರೋ ಏನೋ. ಥರ್ಮಾಮೀಟರ್ ಮಾತ್ರ ಬದಲಾಗಲಿಲ್ಲ.

ಬಸ್ ಡಿಪೋದ ಹಿಂದಿನ ಬೀದಿಯ ಮನೆಯೊಂದರ ಸೊಸೆ ನನಗೆ ಸಿಕ್ಕಿದ್ದು ಬಟ್ಟೆ ಒಗೆಯುವ ಅಂಗಡಿಯಲ್ಲಿ. ಕಂಕುಳಲ್ಲಿ ಕೂಸು, ಕಾಲಬಳಿ ಬಟ್ಟೆಯ ಗಂಟು. ಮಿಷನ್ನಿನ ಸದ್ದಿನಲ್ಲಿ ಯಾರಿಗೂ ಕೇಳದ ಹಾಗೆ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು.

"ಅಕ್ಕಾ, ನಮ್ಮತ್ತೆಗೆ ಉಬ್ಬಸ. ಇನ್ನೊಂದು ಚಳಿಗಾಲ ಇದೇ ಮನೇಲಿ ಹೀಗೇ ಇದ್ರೆ ನಾನು ಏನೂ ಹೇಳಕ್ಕಾಗಲ್ಲ ಅಂದುಬಿಟ್ರು ಡಾಕ್ಟ್ರು. ಹೇಗಾದ್ರೂ ಮಾಡಿ ನಮ್ಮ ಮನೇನ ಸೇರಿಸ್ಕೊಳ್ಳಿ."

"ಹೀಟರ್ ಇಲ್ವಾ ನಿಮ್ಮನೇಲಿ?"

"ಇದೆ. ಹಳೇದು. ಹಗಲೂ ರಾತ್ರಿ ಉರೀತಾ ಇರ್ಲಿ, ಬಿಲ್ಲು ನಾನು ನೋಡ್ಕೋತೀನಿ ಅಂತ ಹೇಳಿದಾರೆ ಇವರು. ಅದಕ್ಕೋಸ್ಕರ ರಜಾ ದಿನಾನೂ ಬ್ರೆಡ್ ವ್ಯಾನ್ ಓಡಿಸ್ತಾರೆ. ಆದ್ರೆ ಇವರು ಹೊಸಿಲು ದಾಟಿದ್ರೋ ಇಲ್ವೋ, ಅತ್ತೆ ಹೋಗಿ ಆರಿಸಿಬಿಡ್ತಾರೆ. ಸಾಯಂಕಾಲ ವ್ಯಾನಿನ ಸದ್ದು ಕೇಳಿದ ಮೇಲೆ ಮತ್ತೆ ಹಾಕ್ತಾರೆ. ಮಗ ದುಡಿದಿದ್ದನ್ನ ಗೋಡೆಗೆ ಕುಡಿಸಲಾ ಅಂತಾರೆ."

"ನಿನ್ನ ಗಂಡನಿಗೆ ಹೇಳಬಾರದಾ?"

"ಕೂಸಿನ ತಲೆ ಮೇಲೆ ಕೈ ಇಡಿಸಿ ಆಣೆ ಹಾಕಿಸ್ಕೊಂಡಿದಾರೆ. ನೀವೂ ಹೇಳ್ಬೇಡಿ."

ಹೊಸ ಹೀಟರಿಗೆ ಕರೆಂಟು ಬಹಳ ಕಡಿಮೆ ಸಾಕು. ಕಿಟಕಿ ಸಂದು ಮುಚ್ಚಿದರೆ ಇನ್ನೂ ಕಡಿಮೆ. ಆಗ ಆ ಮುದುಕಿಗೆ ಆರಿಸುವ ಹಟ ಇರುವುದಿಲ್ಲ. ಲೆಕ್ಕ ಇಷ್ಟು ಸುಲಭ. ಮನೆಯ ಮಾಲೀಕನೂ ಒಪ್ಪಿದ್ದ, ಪುಕ್ಕಟೆ ಸಿಕ್ಕರೆ ಯಾರು ಬೇಡ ಎನ್ನುತ್ತಾರೆ. ಹೆಸರು ಸೇರಿಸಿದೆ. ಈ ಸಲದ ಆಯ್ಕೆ ಮುಗಿಯುವುದರೊಳಗೆ ಅವರ ಮನೆಯ ತಪಾಸಣೆಗೂ ಒಂದು ದಿನ ಸಿಕ್ಕಿತು. ಸೊಸೆಗೆ ಫೋನ್ ಮಾಡಿ ಬಿಡಿಸಿ ಹೇಳಿದೆ: "ಅವತ್ತು ಹೀಟರ್ ಮುಟ್ಟಬೇಡಿ. ಮನೆ ದಿನಾ ಹೇಗಿರುತ್ತೋ ಹಾಗೇ ಇರ್ಲಿ. ಚಳಿ ಇದ್ಯಾ ಅಂತ ಕೇಳಿದ್ರೆ ಇದೆ ಅನ್ನಿ. ಅಷ್ಟೇ." ಆಯ್ತಕ್ಕಾ ಎಂದಳು. ಅವಳ ಆಯ್ತು ಅವಳ ಅತ್ತೆಯ ಮುಂದೆ ನಡೆಯುತ್ತದೆಯೇ ಎಂದು ನಾನು ಯೋಚಿಸಬೇಕಿತ್ತು.

ಅವತ್ತು ಬಂದ ಇನ್ಸ್‌ಪೆಕ್ಟರು ಕೆಟ್ಟವನಲ್ಲ. ಎತ್ತರದ, ಬೋಳು ತಲೆಯ, ಬೇಗ ನಗುವ ಮನುಷ್ಯ. ಬಾಗಿಲು ತೆರೆದ ಕೂಡಲೇ ಅವನ ಕನ್ನಡಕಕ್ಕೆ ಮಂಜು ಹಿಡಿಯಿತು. ಒಳಗಿನ ಶಾಖ ನನ್ನ ಮುಖಕ್ಕೆ ಬಡಿಯಿತು.

ಎಲ್ಲವೂ ನಡೆದಿತ್ತು. ಗೋಡೆಯ ಹಳೆಯ ಹೀಟರ್ ಕೆಂಪಗೆ ಉರಿಯುತ್ತಿತ್ತು. ಮೂಲೆಯಲ್ಲಿ ಎರವಲು ತಂದ ಇನ್ನೊಂದು. ಕಿಟಕಿ ಸಂದಿಗೆ ತುರುಕುತ್ತಿದ್ದ ಹಳೆಯ ಬಟ್ಟೆಗಳೆಲ್ಲ ಮಾಯವಾಗಿ, ಗಾಜು ಫಳಫಳ ಹೊಳೆಯುತ್ತಿತ್ತು. ಗೋಡೆಯ ಕಪ್ಪು ಬೂಷ್ಟು ಕಾಣದ ಹಾಗೆ ಹೊಸ ಟವೆಲ್ ಒಂದನ್ನು ಇಸ್ತ್ರಿಯ ಮಡಿಕೆ ಸಮೇತ ಇಳಿಬಿಟ್ಟಿದ್ದರು. ಸೊಸೆ ನನ್ನ ಕಣ್ಣು ತಪ್ಪಿಸಿ ಅಡುಗೆಮನೆಗೆ ಸರಿದಳು. ಮಗ ಅರ್ಧ ದಿನ ರಜಾ ಹಾಕಿ, ತೊಳೆದ ಅಂಗಿ ತೊಟ್ಟು ಬಾಗಿಲ ಬಳಿ ನಿಂತಿದ್ದ. ಮೂವತ್ತು ದಾಟಿದ ಗಟ್ಟಿ ಆಳು. ನಡುಮನೆಯ ಒಂದೇ ಒಂದು ಮೆತ್ತನೆಯ ಕುರ್ಚಿಯನ್ನು ಇನ್ಸ್‌ಪೆಕ್ಟರನಿಗೆ ಬಿಟ್ಟು, ಅವನ ತಾಯಿ ಮಂಚದ ಅಂಚಿನಲ್ಲಿ ಕೂತಿದ್ದರು. ಚಿಕ್ಕ ಮೈ, ದೊಡ್ಡ ಕಣ್ಣು. ಉಸಿರು ಎಳೆದಾಗ ಎದೆಯೊಳಗೆ ಸಣ್ಣಗೆ ಸೀಟಿ ಹೊಡೆದ ಸದ್ದು.

"ಬಾ ಮಗಳೇ, ಬಾ. ನಮ್ಮ ಮಾತಾಡೋರು ಒಬ್ರು ಈ ಮನೆ ಮೆಟ್ಲು ಹತ್ತಿ ಎಷ್ಟು ದಿನ ಆಯ್ತು!" ಎಂದರು. ನಾನು ಅವರನ್ನು ದೊಡ್ಡಮ್ಮ ಎಂದು ಕರೆದೆ. ಬಾಯಿಗೆ ತಾನಾಗಿಯೇ ಬಂತು.

ಮಗ ನನ್ನ ಬಳಿ ಬಂದು ಹೆಮ್ಮೆಯಿಂದ ಹೇಳಿದ: "ಅಮ್ಮನಿಗೆ ಉಸಿರಿನ ತೊಂದ್ರೆ ಮೇಡಂ. ಅದಕ್ಕೇ ಮನೆ ಯಾವಾಗ್ಲೂ ಹೀಗೇ ಇಟ್ಟಿರ್ತೀವಿ. ನಾನು ಮನೇಲಿಲ್ಲದಾಗ್ಲೂ ಆರಿಸಬೇಡಿ ಅಂತ ಹೇಳಿದೀನಿ." ದೊಡ್ಡಮ್ಮ ನೆಲ ನೋಡಿದರು. ಅವನಿಗೆ ಇಲ್ಲಿನ ಭಾಷೆ ವ್ಯಾನಿಗೆ ಬೇಕಾದಷ್ಟೇ ಬರುತ್ತಿತ್ತು. ಎಡಕ್ಕೆ, ಬಲಕ್ಕೆ, ಇಲ್ಲಿ ಸಹಿ ಮಾಡಿ, ಇಂಥ ನಾಲ್ಕು ಮಾತು.

ಇನ್ಸ್‌ಪೆಕ್ಟರು ಕೋಣೆ ಕೋಣೆಗೆ ಹೋಗಿ ಅಳೆದು ಬಂದ. ಬಂದವನು ಕೋಟು ಕಳಚಿ ಮಡಿಲಲ್ಲಿಟ್ಟುಕೊಂಡು ನಕ್ಕ. "ಈ ಮನೆ ನಮ್ಮ ಆಫೀಸಿಗಿಂತ ಬೆಚ್ಚಗಿದೆ! ಅಳತೆ ಪ್ರಕಾರ ಇವರಿಗೆ ಸಿಗೋದಿಲ್ಲ. ಆದರೆ ಮನೇಲಿ ಕಾಯಿಲೆಯ ಹಿರಿಯರಿದ್ದರೆ ಅವರ ಬಾಯಿಂದಲೇ ಕೇಳಬೇಕು, ಅವರ ಮಾತಿಗೂ ಬೆಲೆ ಇದೆ. ಕೇಳು, ಇವರಿಗೆ ಈ ಮನೆಯಲ್ಲಿ ಚಳಿಯಾಗುತ್ತಾ?"

ನಾನು ಕೇಳಿದೆ. ಎಷ್ಟು ಸಾಧ್ಯವೋ ಅಷ್ಟು ಕಣ್ಣು ಬಿಟ್ಟು, ಹೌದು ಅನ್ನಿ ಎಂದು ಮುಖದಲ್ಲೇ ಬೇಡಿಕೊಂಡು ಕೇಳಿದೆ.

"ಅಯ್ಯೋ, ಚಳಿ ಎಲ್ಲಿ ಬಂತು ಮಗಳೇ? ನನ್ನ ಮಗ ನನ್ನನ್ನ ಹೂವಿನ ಹಾಗೆ ನೋಡ್ಕೋತಾನೆ. ಅವನ ಮನೇಲಿ ಕೂತು ನನಗೆ ಚಳಿ ಅಂತ ಹೊರಗಿನವರ ಮುಂದೆ ಹೇಳ್ಲಾ? ಸುಖವಾಗಿದೀನಿ ಅಂತ ಹೇಳು ಅವರಿಗೆ. ಮೊದ್ಲು ಟೀ ಕುಡೀಲಿ ಅನ್ನು."

ಇನ್ಸ್‌ಪೆಕ್ಟರನ ಬೆರಳು ಟ್ಯಾಬಿನ ಮೇಲೆ ಕಾಯುತ್ತಿತ್ತು. ಎದೆಯ ಸೀಟಿ ನನಗೂ ಕೇಳುತ್ತಿತ್ತು, ಅವನಿಗೂ ಕೇಳುತ್ತಿತ್ತು. ಆದರೆ ಅವನ ಟ್ಯಾಬಿನಲ್ಲಿ ಸೀಟಿಗೆ ಜಾಗವಿಲ್ಲ. ನನಗೆ ಸಿಟ್ಟು ಉಕ್ಕಿತು. ಯಾರ ಮೇಲೆ ಎಂದು ಕೇಳಿದರೆ ಎಲ್ಲರ ಮೇಲೆ. ಆ ಟವೆಲಿನ ಮೇಲೂ. ನಾನು ಬಾಯಿ ತೆರೆದೆ.

"ತುಂಬಾ ಚಳಿ ಅಂತಾರೆ. ರಾತ್ರಿ ನಿದ್ದೆ ಬರೋದಿಲ್ಲ, ಉಸಿರು ಕಟ್ಟುತ್ತೆ ಅಂತಾರೆ. ನೀವು ಮೊದಲು ಟೀ ಕುಡೀಬೇಕಂತೆ."

ಟೀಯ ಮಾತೊಂದೇ ನಿಜ. ಸೊಸೆ ಅದೇ ಹೊತ್ತಿಗೆ ಕಪ್ಪುಗಳನ್ನು ತಂದಿದ್ದರಿಂದ ಉಳಿದದ್ದಕ್ಕೂ ಸತ್ಯದ ಬಣ್ಣ ಬಂತು.

ಅವನು ಹುಬ್ಬೇರಿಸಿದ. "ಮತ್ತೆ ಈಗ ಇಷ್ಟು ಶಾಖ ಇದೆಯಲ್ಲ?"

ದೊಡ್ಡಮ್ಮನನ್ನು ಏನಾದರೂ ಕೇಳಲೇಬೇಕು, ಸುಮ್ಮನೆ ನಾನೇ ಉತ್ತರ ಕೊಟ್ಟರೆ ಸಿಕ್ಕಿಬೀಳುತ್ತೇನೆ. "ಈ ಊರಿಗೆ ಬಂದು ಎಷ್ಟು ವರ್ಷ ಆಯ್ತು ದೊಡ್ಡಮ್ಮ?" ಎಂದೆ. ಅವರು ಖುಷಿಯಿಂದ ಶುರುಮಾಡಿದರು. ಮಗ ಮೊದಲು ಒಬ್ಬನೇ ಬಂದದ್ದು, ಆಮೇಲೆ ತನ್ನನ್ನು ಕರೆಸಿಕೊಂಡದ್ದು, ವಿಮಾನ ಇಳಿದಾಗ ತನ್ನ ಕೋಟನ್ನೇ ಕಳಚಿ ತಾಯಿಗೆ ಹೊದಿಸಿದ್ದು. ಮಗ ಬಾಗಿಲ ಬಳಿ ನಾಚಿ, "ಸಾಕು ಬಿಡಮ್ಮ, ಅದೆಲ್ಲ ಯಾಕೆ ಈಗ" ಎಂದ. ಆ ಮಾತು ಮುಗಿದ ಮೇಲೆ ನಾನು ಇನ್ಸ್‌ಪೆಕ್ಟರನ ಕಡೆ ತಿರುಗಿದೆ.

"ಇವತ್ತು ನೀವು ಬರ್ತೀರಿ ಅಂತ ಹಾಕಿದಾರಂತೆ. ಬೇರೆ ದಿನ ಹಗಲೆಲ್ಲ ಆರಿಸಿರ್ತಾರಂತೆ."

"ಯಾರು ಆರಿಸೋದು?" ಅವನು ಈಗ ನಗುತ್ತಿರಲಿಲ್ಲ. "ಅವರೇ ಆರಿಸ್ಕೊಂಡರೆ ಅದು ಅವರ ಇಷ್ಟ, ನಾನು ಏನೂ ಮಾಡಕ್ಕಾಗಲ್ಲ. ಬಿಲ್ಲು ಕಟ್ಟೋರು ಹೆದರಿ ಆರಿಸಿದ್ರೆ ಅದು ಕಷ್ಟ ಅನ್ನೋ ಪಟ್ಟಿಯಲ್ಲಿ ಬರುತ್ತೆ, ಇವರಿಗೆ ಸಿಗುತ್ತೆ."

ಆ ಕ್ಷಣದಲ್ಲಿ ನನಗೆ ಕಂಡದ್ದು ಒಂದೇ ದಾರಿ. ಮಗನಿಗೆ ಈ ಭಾಷೆ ತಿಳಿಯದು. ತಾಯಿಗೂ ತಿಳಿಯದು. ಗೋಡೆಗೆ ಹೊಸ ಹೀಟರ್ ಬಂದ ಮೇಲೆ ಈ ಮಾತು ಯಾರಿಗೆ ಬೇಕು?

"ಮಗ ಆರಿಸ್ತಾನಂತೆ. ಬಿಲ್ಲಿಗೆ ಹೆದರಿ."

ಅವನು ಮಗನ ಕಡೆ ಒಮ್ಮೆ ನೋಡಿದ, ಕನಿಕರದಿಂದಲೇ. ಮಗ ಮರ್ಯಾದೆಗೆ ನಕ್ಕು ತಲೆಯಾಡಿಸಿದ. ಇನ್ಸ್‌ಪೆಕ್ಟರು ಟ್ಯಾಬಿನಲ್ಲಿ ಬೆರಳಾಡಿಸಿ ಮುಗಿಸಿದ.

"ಒಂದೇ ಒಂದು ಬಾಕಿ" ಎಂದ. "ಈ ವಾರದಿಂದ ಹೊಸದು. ನಿಮ್ಮ ಮೇಡಂ ಓಡಾಡಿ ಮಾಡಿಸಿದ್ದು. ಅವರು ಹೇಳಿದ್ದನ್ನ ಅವರದೇ ಭಾಷೆಯಲ್ಲಿ ಇದು ಓದಿ ಹೇಳುತ್ತೆ. ಅವರು ಹೌದು ಅಂದ್ರೆ ಆಯ್ತು." ನಾನು ಕೈ ಚಾಚುವುದರೊಳಗೆ ಒತ್ತಿಬಿಟ್ಟ.

ನಮ್ಮ ಭಾಷೆಯನ್ನು ಅಷ್ಟು ಶುದ್ಧವಾಗಿ ಆಡಿದ್ದನ್ನು ನಾನು ಶಾಲೆ ಬಿಟ್ಟ ಮೇಲೆ ಕೇಳಿರಲಿಲ್ಲ. ಹೆಂಗಸಿನ ದನಿ. ಒಂದೊಂದು ಅಕ್ಷರವನ್ನೂ ತೊಳೆದು ಒರೆಸಿ ಇಟ್ಟ ಹಾಗೆ ಹೇಳಿತು.

"ನನ್ನ ಮನೆಯು ಬಹಳ ತಣ್ಣಗಿದೆ. ರಾತ್ರಿ ನನಗೆ ನಿದ್ರೆ ಬರುವುದಿಲ್ಲ ಮತ್ತು ಉಸಿರು ಕಟ್ಟುತ್ತದೆ. ನನ್ನ ಮಗನು ವಿದ್ಯುತ್ ಬಿಲ್ಲಿಗೆ ಹೆದರಿ ಹಗಲಿನಲ್ಲಿ ಹೀಟರನ್ನು ಆರಿಸುತ್ತಾನೆ. ಇದು ನಿಮ್ಮ ಹೇಳಿಕೆಯೇ? ಹೌದು ಅಥವಾ ಇಲ್ಲ ಎಂದು ಹೇಳಿರಿ."

ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಲೆ ಮುಟ್ಟಿ ಆಣೆ ಹಾಕಿದ ಕೂಸು ಅವಳ ತೋಳಲ್ಲೇ ಇತ್ತು. ಮಗನ ಮುಖದ ನಗು ಹೋಗಲಿಲ್ಲ, ಹಾಗೇ ಒಣಗಿತು. ಅವನು ತಾಯಿಯನ್ನೇ ನೋಡುತ್ತಿದ್ದ, ಈಗ ಇಲ್ಲ ಎನ್ನುತ್ತಾಳೆ ಎಂದು.

ದೊಡ್ಡಮ್ಮ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನನ್ನ ಕುತ್ತಿಗೆಯ ಕಾರ್ಡನ್ನು ನೋಡಿದರು. ಇನ್ಸ್‌ಪೆಕ್ಟರನನ್ನು ನೋಡಿ ಮತ್ತೆ ನನ್ನನ್ನು ನೋಡಿದರು. ಓದು ಬರಹ ಇಲ್ಲದ ಹೆಂಗಸಿಗೆ ಅಲ್ಲಿ ನಡೆದದ್ದು ಪೂರ್ತಿ ತಿಳಿದುಹೋಯಿತು. ಇಲ್ಲ ಎಂದರೆ ನಾನು ಸುಳ್ಳಿ. ಇಲ್ಲ ಎನ್ನಲಿ ಎಂದೇ ನಾನು ಆಗ ಬಯಸಿದೆ. ಬಯಸಿದೆ ಎಂದು ಈಗ ಅನ್ನಿಸುತ್ತದೆ. ಆಗ ನಿಜಕ್ಕೂ ತಲೆಯಲ್ಲಿ ಇದ್ದದ್ದು ನನ್ನ ಕೆಲಸ.

"ಹೌದು" ಎಂದರು.

ಟ್ಯಾಬು ಟಿಂಗ್ ಎಂದಿತು. ಇನ್ಸ್‌ಪೆಕ್ಟರು ಅಭಿನಂದನೆ ಎಂದ. ನಾನು ಅದನ್ನು ತಿರುಗಿಸಲಿಲ್ಲ. ಮಗ ಮುಂದೆ ಬಂದು, ಖಾಲಿಯಾದ ಕಪ್ಪುಗಳನ್ನು ಒಂದೊಂದಾಗಿ ಎತ್ತಿಕೊಂಡು ಒಳಗೆ ಹೋದ. ನಲ್ಲಿಯ ನೀರು ಬಹಳ ಹೊತ್ತು ಹರಿಯುತ್ತಲೇ ಇತ್ತು. ನಾವು ಹೊರಟಾಗ ದೊಡ್ಡಮ್ಮ ಬಾಗಿಲವರೆಗೆ ಬಂದು, "ನಿಧಾನಕ್ಕೆ ಇಳಿ ಮಗಳೇ, ಮೆಟ್ಲು ಜಾರುತ್ತೆ" ಎಂದರು. ಅದಕ್ಕಿಂತ ನನ್ನ ಕೆನ್ನೆಗೆ ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು.

ಮೇಡಂ ಬಹಳ ಸಂತೋಷಪಟ್ಟರು. ಓದಿ ಹೇಳುವ ಯಂತ್ರದ ಮುಂದೆ ತಮ್ಮ ಭಾಷೆಯಲ್ಲಿ ಹೌದು ಎಂದ ಮೊದಲ ಹಿರಿಯರು ನಮ್ಮ ದೊಡ್ಡಮ್ಮನೇ ಅಂತೆ. ಆಫೀಸಿನ ಸಭೆಯಲ್ಲಿ, ಟ್ಯಾಬು ಹಿಡಿದಿಟ್ಟಿದ್ದ ಆ ಹೌದನ್ನು ಎಲ್ಲರಿಗೂ ಕೇಳಿಸಿದರು. ಚಪ್ಪಾಳೆ ಬಿತ್ತು. "ಎಷ್ಟು ಆತ್ಮವಿಶ್ವಾಸ ಇದೆ ನೋಡಿ ಆ ದನಿಯಲ್ಲಿ" ಎಂದರು ಮೇಡಂ. ದನಿಯ ಹಿಂದೆ ಆ ಸೀಟಿಯೂ ಸ್ಪಷ್ಟವಾಗಿ ಕೇಳುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಟ್ಟಿದ್ದ, ಆದರೂ ನನಗೆ ಆ ಕೋಣೆಯಲ್ಲಿ ಕೂರಲಾಗಲಿಲ್ಲ. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ.

ಕೆಲಸದವರು ಬರುವ ದಿನ ಗೊತ್ತುಮಾಡಲು ಫೋನ್ ಮಾಡಿದಾಗ ಸೊಸೆ ಹೇಳಿದಳು: "ಅತ್ತೆ ಇಲ್ಲ ಅಕ್ಕಾ. ನಾದಿನಿ ಮನೆಗೆ ಹೋಗಿಬಿಟ್ರು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇನ್ನೂ ಕಷ್ಟವಾಯಿತು.

ನಾನೇ ಹುಡುಕಿಕೊಂಡು ಹೋದೆ. ದೊಡ್ಡಮ್ಮನ ಆ ಮಗಳ ಮನೆ ಊರಿನ ಆಚೆ ತುದಿಯಲ್ಲಿ, ಲಿಫ್ಟ್ ಕೆಟ್ಟ ಕಟ್ಟಡದ ಮೇಲಿನ ಮಹಡಿ. ಎರಡು ಕೋಣೆ, ಒಳಗೆ ಮಗಳು, ಅಳಿಯ, ಮೂರು ಮಕ್ಕಳು. ದೊಡ್ಡಮ್ಮನ ಹಾಸಿಗೆ ಹೊರಬಾಗಿಲ ಪಕ್ಕದ ಓಣಿಯಂಥ ಇಕ್ಕಟ್ಟು ಜಾಗದಲ್ಲಿ. ಬಾಗಿಲಿನ ಕೆಳಗಿಂದ ಗಾಳಿ ನುಗ್ಗುತ್ತಿತ್ತು. ಅವರು ಕಾಲು ಮಡಚಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಉಸಿರು ಮೊದಲಿಗಿಂತ ಕೆಟ್ಟಿತ್ತು. ಒಂದು ಎಸಳು ಸುಲಿದರೆ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು.

"ಯಾಕೆ ದೊಡ್ಡಮ್ಮ ಹೌದು ಅಂದ್ರಿ?" ಎಂದೆ. ಕುಶಲ ಕೇಳುವಷ್ಟೂ ತಾಳ್ಮೆ ನನಗಿರಲಿಲ್ಲ.

"ಇಲ್ಲ ಅಂದಿದ್ರೆ ನಿನ್ನ ಗತಿ?"

"ನನ್ನ ಗತಿ ನಾನು ನೋಡ್ಕೋತಿದ್ದೆ."

"ನೋಡ್ಕೋತಿದ್ದೆ ಪಾಪ! ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ನನ್ನ ಮನೆಗೆ ಬಂದ ಹೆಣ್ಣುಮಗಳನ್ನ, ನನ್ನ ಒಳ್ಳೇದಕ್ಕೇ ಬಂದವಳನ್ನ, ಪರರ ಮುಂದೆ ಸುಳ್ಳಿ ಅಂತ ಹಿಡಿದುಕೊಡ್ಲಾ? ಮಗ ನನ್ನವನು. ಅವನಿಗೆ ಆಮೇಲೆ ಹೇಳಿದ್ರಾಯ್ತು ಅಂದ್ಕೊಂಡೆ."

"ಹೇಳಿದ್ರಾ?"

"ಎಲ್ಲಾ ಹೇಳ್ದೆ. ಆರಿಸ್ತಿದ್ದೋಳು ನಾನೇ ಅಂತಾನೂ ಹೇಳ್ದೆ. ಅದರಿಂದ ಇನ್ನೂ ಕೆಟ್ಟಿತು. ರಜಾ ಇಲ್ಲದೆ ನಾನು ದುಡಿದದ್ದು ನೀನು ಚಳೀಲಿ ಕೂರಕ್ಕಾ ಅಂದ. ಆಮೇಲೆ ಮಾತೇ ಇಲ್ಲ. ಊಟಕ್ಕೆ ಕೂರ್ತಾನೆ, ಏಳ್ತಾನೆ. ನನ್ನನ್ನ ಕಂಡ್ರೆ ಹೋಗಿ ಹೀಟರ್ ಮುಟ್ಟಿ ನೋಡ್ತಾನೆ, ಉರೀತಿದ್ಯಾ ಅಂತ." ಅವರು ಬೆಳ್ಳುಳ್ಳಿಯ ತಟ್ಟೆಯನ್ನು ಪಕ್ಕಕ್ಕಿಟ್ಟರು. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅವನು ಹಾಗೆ ನೋಡೋದನ್ನ ದಿನಾ ನೋಡಕ್ಕೆ ನನ್ನ ಕೈಲಾಗಲ್ಲ."

"ವಾಪಸ್ ಬನ್ನಿ ದೊಡ್ಡಮ್ಮ. ಇಲ್ಲಿ ಇದ್ರೆ ನೀವು ಉಳಿಯಲ್ಲ."

"ಉಳಿದು ಏನು ಗುಡ್ಡೆ ಹಾಕ್ಬೇಕು?" ಎಂದು ನಕ್ಕರು. ನಗು ಕೆಮ್ಮಾಗಿ, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ನಾನು ಬೆನ್ನು ತಟ್ಟುತ್ತಾ ಕೂತೆ. ನನಗೆ ಅವರ ಮೇಲೂ ಕೋಪ ಬಂತು, ಸುಳ್ಳು ಹೇಳಬಾರದು. ಇಡೀ ಜೀವಮಾನ ಮರ್ಯಾದೆ ಮರ್ಯಾದೆ ಎಂದು ಉಸಿರನ್ನು ಹಿಡಿದಿಟ್ಟ ಹೆಂಗಸು, ಆ ಮರ್ಯಾದೆಯನ್ನು ಖರ್ಚು ಮಾಡುವುದೇ ಆದರೆ ನನ್ನಂಥವಳಿಗಾಗಿ ಯಾಕೆ ಖರ್ಚು ಮಾಡಬೇಕಿತ್ತು?

ಮನೆಯ ಕೆಲಸ ಮುಗಿದ ಮೇಲೆ ಒಂದು ಕೊನೆಯ ಭೇಟಿ ಇರುತ್ತದೆ. ಅದೇ ಇನ್ಸ್‌ಪೆಕ್ಟರು, ನಾನು. ಸೊಸೆ ಬಾಗಿಲು ತೆರೆದು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಕೂಸು ತೋಳಿಲ್ಲದ ತೆಳು ಅಂಗಿಯಲ್ಲಿತ್ತು, ಕೈಕಾಲು ಬಡಿಯುತ್ತಾ ಆಡುತ್ತಿತ್ತು. ಗೋಡೆಗೆ ಹೊಸ ಬಿಳಿ ಹೀಟರ್, ಉಸಿರಿನಷ್ಟೂ ಸದ್ದಿಲ್ಲ. ಬೂಷ್ಟು ಕೆರೆದು ಬಣ್ಣ ಹೊಡೆದಿದ್ದರು. ಕಿಟಕಿಗೆ ಕೈ ಒಡ್ಡಿದರೆ ಗಾಳಿಯ ಎಳೆಯೂ ಇಲ್ಲ. ಇಷ್ಟು ಚೆನ್ನಾಗಿ ಕೆಲಸವಾದ ಮನೆಯನ್ನು ನಾನು ಕಂಡಿರಲಿಲ್ಲ. ಮಂಚದ ಮೇಲೆ ಹಾಸಿಗೆಯನ್ನು ಸುತ್ತಿ ಇಟ್ಟಿದ್ದರು.

ಇನ್ಸ್‌ಪೆಕ್ಟರು ಎಲ್ಲ ಅಳೆದು ಬಂದು ಮಗನ ಎದುರು ಕೂತ. "ಈಗ ಹೇಗಿದೆ ಅಂತ ಕೇಳು."

ನಾನು ಅದನ್ನು ಕೇಳಲಿಲ್ಲ. ಇನ್ಸ್‌ಪೆಕ್ಟರನಿಗೆ ತಿಳಿಯುವುದಿಲ್ಲ ಎಂಬ ಧೈರ್ಯದಿಂದ, ನಮ್ಮ ಭಾಷೆಯಲ್ಲಿ ಈ ಸಲ ಮಗನಿಗೆ ಸತ್ಯವನ್ನೇ ಹೇಳಿದೆ. "ಅಮ್ಮ ಅವತ್ತು ಆ ಮಾತು ಆಡಲೇ ಇಲ್ಲ. ಹೂವಿನ ಹಾಗೆ ನೋಡ್ಕೋತಾನೆ ಅಂದ್ರು, ನೀವೇ ಕೇಳಿದೀರಿ. ಮಗ ಆರಿಸ್ತಾನೆ ಅಂತ ಇವರಿಗೆ ಹೇಳಿದ್ದು ನಾನು. ನನ್ನನ್ನ ಉಳಿಸಕ್ಕೆ ಅಮ್ಮ ಹೌದು ಅಂದ್ರು. ಬೈಯೋದಾದ್ರೆ ನನ್ನನ್ನ ಬೈಯಿರಿ. ಅವರನ್ನ ಕರ್ಕೊಂಡು ಬನ್ನಿ."

ಅವನು ತನ್ನ ಅಂಗೈ ನೋಡಿಕೊಂಡ.

"ಗೊತ್ತು ಮೇಡಂ. ಎಲ್ಲಾ ಗೊತ್ತು. ಹೋಗಿ ಕರೆದೆ. ಬರಲ್ಲ ಅಂದ್ಲು. ಬಲವಂತ ಮಾಡ್ಬೇಕಿತ್ತು, ಎತ್ಕೊಂಡು ಬರಬೇಕಿತ್ತು. ನನ್ನ ಕೈ ಮುಂದೆ ಹೋಗ್ಲಿಲ್ಲ." ಅವನ ದನಿ ಮೆಲ್ಲಗಿತ್ತು. "ನೀವು ಹೇಳಿದ ಸುಳ್ಳು ನನಗೆ ಅರ್ಥವಾಗದ ಭಾಷೇಲಿತ್ತು. ಅದು ನನಗೆ ತಾಗಲೇ ಇಲ್ಲ. ಆ ಮಿಷನ್ ಹೇಳಿದ್ದೂ ಮಿಷನ್ ಮಾತು ಅಂತ ಬಿಡಬಹುದಿತ್ತು. ಅಮ್ಮ ಹೌದು ಅಂದದ್ದು ನಮ್ಮ ಭಾಷೇಲಿ. ನನಗೆ ಜೋಗುಳ ಹಾಡಿದ ಬಾಯಲ್ಲಿ. ಯಾಕೆ ಅಂದ್ಲು ಅಂತ ತಲೆಗೆ ಗೊತ್ತು. ಕಿವಿಗೆ ಯಾರು ಹೇಳೋದು?"

ಎರಡು ಭಾಷೆ ಬಲ್ಲವಳು ನಾನು, ಸುತ್ತಿಟ್ಟ ಹಾಸಿಗೆಯ ಕಡೆ ನೋಡಿದೆ.

"ಏನಂತಾರೆ?" ಎಂದ ಇನ್ಸ್‌ಪೆಕ್ಟರು, ಟ್ಯಾಬಿನ ಮೇಲೆ ಬೆರಳಿಟ್ಟು.

"ಮನೆ ಈಗ ಬೆಚ್ಚಗಿದೆ ಅಂತಾರೆ" ಎಂದೆ.

ಇಲ್ಲಿನ ಭಾಷೆಯಲ್ಲಿ ಬೆಚ್ಚಗೆ ಎಂಬ ಮಾತು ಆ ಮಗನಿಗೆ ಗೊತ್ತಿತ್ತು. ಅವನು ಸಾಗಿಸುವ ಬ್ರೆಡ್ಡಿನ ಪೆಟ್ಟಿಗೆಗಳ ಮೇಲೆ ಅದನ್ನು ದೊಡ್ಡದಾಗಿ ಬರೆದಿರುತ್ತಾರಂತೆ. ತಾನು ಆಡದ ಮಾತು ಅವನಿಗೆ ಈ ಸಲ ತಿಳಿಯಿತು. ಎದ್ದು ಹೋಗಿ ಬಾಗಿಲು ತೆರೆದು, ನಾವು ಹೊರಗೆ ಹೋಗಲಿ ಎಂದು ಹಿಡಿದು ನಿಂತ.